ಓದುಗರ ಪ್ರಶ್ನೆ: ಜಾಜ್ ನೃತ್ಯವನ್ನು ರೂಪಿಸಿದವರು ಯಾರು?

ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯ ಸಂಗೀತ ನಾಟಕಗಳನ್ನು ಕುರಿತ ಉತ್ತರವೊಂದರಲ್ಲಿ ಜಾಜ್ ನೃತ್ಯದ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಅದನ್ನು ಓದಿದ ಹಲವರು ಹೆಚ್ಚಿನ ವಿವರ ಕೇಳಿ ಬರೆದಿದ್ದಾರೆ. ಪ್ರಶ್ನೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಜಾಜ್ ನೃತ್ಯದ ಪಿತಾಮಹ ಎಂದು ಒಂದು ಕಡೆ ಜ್ಯಾಕ್ ಕೋಲ್ ಅವರನ್ನೂ ಇನ್ನೊಂದು ಕಡೆ ಬಾಬ್ ಫಾಸಿ ಅವರನ್ನೂ ಕರೆದಿರುವುದನ್ನು ಓದಿದ್ದೇನೆ. ಯಾವುದು ಸರಿ?

ಉತ್ತರ: ಈ ಇಬ್ಬರು ಅಮೆರಿಕನ್ ನೃತ್ಯ ಸಂಯೋಜಕರಲ್ಲೇ ಒಬ್ಬರನ್ನು ಆರಿಸಬೇಕೆಂದರೆ ಹೆಚ್ಚು ಯೋಚಿಸಬೇಕಾಗಿಲ್ಲ, ಅದು ಜ್ಯಾಕ್ ಕೋಲ್. 1911ರಲ್ಲಿ ನ್ಯೂ ಜೆರ್ಸಿಯಲ್ಲಿ ಹುಟ್ಟಿದ ಕೋಲ್, 1927ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಫಾಸಿಯವರಿಗಿಂತ ಹದಿನಾರು ವರ್ಷ ಹಿರಿಯರು. ಅಷ್ಟೇ ಅಲ್ಲ, ಫಾಸಿಯವರ ನೃತ್ಯದಲ್ಲಿ ನಾವು ಮೆಚ್ಚುವ ಎಷ್ಟೋ ಗುಣಗಳು ಕೋಲ್ ಅವರ ಬಳಿ ಪಳಗಿದ ನರ್ತಕ ನರ್ತಕಿಯರ ಮೂಲಕವೇ ಅವರನ್ನು ತಲುಪಿದವು.

ಕೋಲ್ 1930ರಲ್ಲಿ ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ನಡೆಸುತ್ತಿದ್ದ ಡೆನಿಶಾನ್ ನೃತ್ಯಸಂಸ್ಥೆಯನ್ನು ಸೇರಿ, ಬಳಿಕ ಡೋರಿಸ್ ಹಂಫ್ರಿ ಮತ್ತು ಚಾರ್ಲ್ಸ್ ವೈಡ್‌ಮನ್ ಅವರ ತಂಡದಲ್ಲಿ, ಬ್ಯಾಲೆಯ ಕಟ್ಟಳೆಗಳನ್ನು ಬಿಟ್ಟ ಆಧುನಿಕ ನೃತ್ಯ ಮಾಡಿದರು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಆಧುನಿಕ ನೃತ್ಯವನ್ನು ನಂಬಿ ಹೊಟ್ಟೆ ಹೊರೆಯುವುದು ಕಷ್ಟವಾಗಿತ್ತು, ಆದ್ದರಿಂದ ಅವರು ನೈಟ್‌ಕ್ಲಬ್‌ಗಳ ವೇದಿಕೆಗೆ ಬಂದರು. ಅಮೆರಿಕದ ನರ್ತಕಿ ಲಾ ಮೇರಿಯವರಿಂದ ಭರತನಾಟ್ಯದ ಪಾಠ ಹೇಳಿಸಿಕೊಂಡಿದ್ದ ಅವರು, ಅದರ ಚಲನೆಗಳನ್ನು ಸ್ವಿಂಗ್ ಎಂಬ ಜಾಜ್ ಶೈಲಿಯ ಬ್ಯಾಂಡಿನ ಸಂಗೀತಕ್ಕೆ ಕೂಡಿಸಿ ಪ್ರದರ್ಶಿಸತೊಡಗಿದರು. ಕೇಳಿದೊಡನೆ ಇದು ಗಿರಾಕಿಗಳನ್ನು ಸೆಳೆಯುವ ಒಂದು ಗಿಮಿಕ್ ಎನಿಸುವುದು ಸಹಜ, ಮತ್ತು ಪೌರಸ್ತ್ಯ ವೇಷಭೂಷಣದ ಮೋಹ ಕೋಲ್ ಅವರಿಗೂ ಸಾಕಷ್ಟು ಇತ್ತು. ಆದರೆ ವೇಷವನ್ನು ಕಳಚಿದ ಮೇಲೂ ಅವರಲ್ಲಿ ಉಳಿದುಕೊಂಡದ್ದು ಮುಖ್ಯ. ಅರೆಮಂಡಿಯಂತೆ ಮೊಣಕಾಲು ಮಡಿಸಿ ದೇಹದ ಭಾರವನ್ನು ನೆಲಕ್ಕೆ ಇಳಿಸುವ ನಿಲುವು, ಕುತ್ತಿಗೆ ಮಾತ್ರ ಪಕ್ಕಕ್ಕೆ ಸರಿದು ಭುಜಗಳು ಅಲುಗದಿರುವ ಹತೋಟಿ, ಕಣ್ಣು ಮತ್ತು ಬೆರಳಿಗೂ ಹೆಜ್ಜೆಯಷ್ಟೇ ಬೆಲೆ ಕೊಡುವ ಶಿಸ್ತು, ಇವು ಅವರ ನೃತ್ಯದ ವ್ಯಾಕರಣವೇ ಆದವು. ಇದರೊಂದಿಗೆ ನ್ಯೂಯಾರ್ಕಿನ ಹಾರ್ಲೆಮ್‌ನ ಲಿಂಡಿ ಹಾಪ್ ಎಂಬ ಜೋಡಿನೃತ್ಯವನ್ನೂ ಲ್ಯಾಟಿನ್ ಅಮೆರಿಕದ ನೃತ್ಯಗಳನ್ನೂ ಅವರು ಬೆರೆಸಿದರು.

1940ರ ದಶಕದ ನಡುವಿನಲ್ಲಿ ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೊದಲ್ಲಿ ಅವರು ಸಂಬಳದ ನರ್ತಕರ ಒಂದು ಕಾಯಂ ತಂಡವನ್ನು ಕಟ್ಟಿ ತರಬೇತಿ ನಡೆಸಿದರು. ಚಿತ್ರೀಕರಣವಿರಲಿ ಇಲ್ಲದಿರಲಿ, ತಂಡದವರು ದಿನವೂ ಅಭ್ಯಾಸ ಮಾಡಬೇಕಿತ್ತು. ಕೋಲ್ ಕೋಪಿಷ್ಠ ಗುರು, ಅವರ ತಾಲೀಮು ದೇಹವನ್ನು ದಂಡಿಸುವಂಥದ್ದು ಎಂಬುದನ್ನು ಅವರ ಶಿಷ್ಯರೆಲ್ಲ ಒಪ್ಪುತ್ತಾರೆ. ಗ್ವೆನ್ ವರ್ಡನ್, ಕ್ಯಾರಲ್ ಹೇನಿ, ಮ್ಯಾಟ್ ಮ್ಯಾಟಕ್ಸ್ ಇಂಥವರೆಲ್ಲ ಆ ತಾಲೀಮಿನಲ್ಲಿ ಬೆಂದು ಬಂದವರು.

ಹೀಗಿದ್ದರೂ ಪಿತಾಮಹ ಎಂಬ ಬಿರುದಿಗೆ ಒಂದು ವಿಶೇಷಣ ಸೇರಿಸದೆ ಅದನ್ನು ಒಪ್ಪಲು ನಮಗೆ ಮನಸ್ಸಿಲ್ಲ. ಕೋಲ್ ಅವರು ರಂಗಭೂಮಿಯ ಮತ್ತು ಸಿನಿಮಾದ ಜಾಜ್ ನೃತ್ಯಕ್ಕೆ ಪಿತಾಮಹರು. ಜಾಜ್ ನೃತ್ಯವೇ ಅವರಿಂದ ಹುಟ್ಟಿತು ಎಂದರೆ, ಅವರಿಗಿಂತ ಮೊದಲೇ ಅದನ್ನು ಕುಣಿಯುತ್ತಿದ್ದ ಆಫ್ರಿಕನ್ ಅಮೆರಿಕನ್ ನರ್ತಕರ ಒಂದು ಇಡೀ ತಲೆಮಾರನ್ನು ಅಳಿಸಿಹಾಕಿದಂತಾಗುತ್ತದೆ. ಮುಂದಿನ ಪ್ರಶ್ನೆ ಅದಕ್ಕೇ ಸಂಬಂಧಿಸಿದ್ದು.

ಪ್ರಶ್ನೆ: ಇಂದಿನ ಜಾಜ್ ನೃತ್ಯದ ತರಗತಿಗಳು ಬ್ಯಾಲೆಗೆ ಹತ್ತಿರವಾಗಿ ಕಾಣುತ್ತವೆ, ಸಂಗೀತವೂ ಪಾಪ್ ಸಂಗೀತವಾಗಿರುತ್ತದೆ. ಹಳೆಯ ಚಿತ್ರಗಳಲ್ಲಿ ಜಾಜ್ ಬ್ಯಾಂಡಿಗೆ ಜೋಡಿಗಳು ಕುಣಿಯುವ ನೃತ್ಯ ಬೇರೆಯೇ ತೋರುತ್ತದೆ. ಎರಡಕ್ಕೂ ಜಾಜ್ ಎಂಬ ಒಂದೇ ಹೆಸರು ಹೇಗೆ ಬಂತು?

ಉತ್ತರ: ಪತ್ರದಲ್ಲಿ ಹೇಳಿರುವ ಅಂತರ ನಿಜ, ಅದಕ್ಕೆ ಚಾರಿತ್ರಿಕ ಕಾರಣಗಳೂ ಇವೆ. ಜಾಜ್ ನೃತ್ಯ ಮೊದಲು ಬೆಳೆದದ್ದು ಗುರುಗಳ ಮುಂದೆ ಅಲ್ಲ, ಬ್ಯಾಂಡಿನ ಮುಂದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಲೆನಾಕ್ಸ್ ಅವೆನ್ಯೂ ಮೇಲೆ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್ ಎಂಬ ನೃತ್ಯಶಾಲೆಯಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿತ್ತು. ಅಂದಿನ ಅಮೆರಿಕದಲ್ಲಿ ಇದು ಅಪರೂಪ. ಚಾರ್ಲ್ಸ್ಟನ್ ಮುಂತಾದ ಹಳೆಯ ಕುಣಿತಗಳ ಹೆಜ್ಜೆಗಳನ್ನು ಬೆರೆಸಿ ಅಲ್ಲಿ ಬೆಳೆಸಿದ ಜೋಡಿನೃತ್ಯವೇ ಲಿಂಡಿ ಹಾಪ್. ಮೊದಲ ತಲೆಮಾರಿನಲ್ಲಿ ಅದರ ರಾಜ ಎನಿಸಿದವರು ಗಿಡ್ಡ ಮೈಕಟ್ಟಿನ ಜಾರ್ಜ್ ಸ್ನೋಡನ್, ಎರಡನೆಯ ತಲೆಮಾರಿನಲ್ಲಿ ಫ್ರ್ಯಾಂಕಿ ಮ್ಯಾನಿಂಗ್.

1935ರ ಒಂದು ಸ್ಪರ್ಧೆಯನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬಹುದು. ಸ್ನೋಡನ್ ಅವರಿಗಿಂತ ಬಹಳ ಎತ್ತರವಾಗಿದ್ದ ಅವರ ಜೊತೆಗಾತಿ ನೃತ್ಯದ ಕೊನೆಗೆ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರನಡೆಯುವುದು ಒಂದು ಜನಪ್ರಿಯ ಹಾಸ್ಯವಾಗಿತ್ತು. ಮ್ಯಾನಿಂಗ್ ಆ ಹಾಸ್ಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಲು ಯೋಚಿಸಿದರು. ಜೊತೆಗಾತಿ ಫ್ರೀಡಾ ವಾಷಿಂಗ್ಟನ್ ಅವರೊಂದಿಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ತೋಳುಗಳನ್ನು ಕೊಂಡಿಯಂತೆ ಸಿಕ್ಕಿಸಿ, ತಾವು ಮುಂದಕ್ಕೆ ಬಾಗಿ ಆಕೆಯನ್ನು ಬೆನ್ನ ಮೇಲಿಂದ ಉರುಳಿಸಿ ತಮ್ಮ ಎದುರಿಗೆ ನೆಲಕ್ಕಿಳಿಸಿದರು. ಮುಖ್ಯವಾದ ಸಂಗತಿ ಎಂದರೆ ಆಕೆಯ ಪಾದ ನೆಲ ಮುಟ್ಟಿದ್ದು ತಾಳದ ಮೇಲೆ, ಮತ್ತು ಮರುಕ್ಷಣವೇ ಇಬ್ಬರೂ ನೃತ್ಯವನ್ನು ಮುಂದುವರಿಸಿದರು. ಕಸರತ್ತಿಗೂ ನೃತ್ಯಕ್ಕೂ ಇರುವ ಅಂತರ ಅಷ್ಟರಲ್ಲೇ ಇದೆ. ಲಿಂಡಿ ಹಾಪ್‌ನ ಗಾಳಿ ಹೆಜ್ಜೆಗಳು ಪ್ರದರ್ಶನಗಳಲ್ಲಿ ಹಬ್ಬಿದ್ದು ಅಲ್ಲಿಂದ. ಹಲವು ಜೋಡಿಗಳು ಒಂದೇ ಹೆಜ್ಜೆಯನ್ನು ಒಟ್ಟಾಗಿ ಹಾಕುವ ಸಮೂಹ ಸಂಯೋಜನೆಯನ್ನು ಲಿಂಡಿ ಹಾಪ್‌ಗೆ ತಂದವರೂ ಮ್ಯಾನಿಂಗ್ ಅವರೇ ಎಂಬುದನ್ನು ಗಮನಿಸಿದರೆ, ಅವರನ್ನು ಕೇವಲ ಪ್ರತಿಭಾವಂತ ನರ್ತಕ ಎಂದು ಬಿಡದೆ ನೃತ್ಯ ಸಂಯೋಜಕರೆಂದೇ ಎಣಿಸಬೇಕಾಗುತ್ತದೆ.

ನಂತರ ನೃತ್ಯ ಮತ್ತು ಸಂಗೀತ ಬೇರ್ಪಟ್ಟವು. 1944ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನೃತ್ಯವಿರುವ ಮನರಂಜನಾ ಸ್ಥಳಗಳ ಮೇಲೆ ಶೇ 30ರಷ್ಟು ತೆರಿಗೆ ಹೇರಿತು. ಮುಂದೆ ಅದು ಇಳಿದರೂ, ಕುಣಿತ ಬೇಡ, ಕುಳಿತು ಕೇಳಿದರೆ ಸಾಕು ಎಂದು ಹಲವು ಕ್ಲಬ್‌ಗಳು ತೀರ್ಮಾನಿಸಲು ಅದು ಕಾರಣವಾಯಿತು. ಅದೇ ಕಾಲಕ್ಕೆ ಬಂದ ಬೀಬಾಪ್ ಸಂಗೀತವೂ ಅತಿ ವೇಗದ, ಕುಳಿತು ಕೇಳುವ ಸಂಗೀತವಾಗಿತ್ತು. ದೊಡ್ಡ ಬ್ಯಾಂಡುಗಳು ಕರಗಿದವು, 1958ರಲ್ಲಿ ಸವಾಯ್ ಮುಚ್ಚಿತು. ಮ್ಯಾನಿಂಗ್ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಮೂರು ದಶಕ ಅಲ್ಲೇ ದುಡಿದರು. ಇತ್ತ ಬ್ರಾಡ್‌ವೇ ಮತ್ತು ಹಾಲಿವುಡ್‌ನಲ್ಲಿ ಬ್ಯಾಲೆ, ಆಧುನಿಕ ನೃತ್ಯ ಕಲಿತವರು ಕಟ್ಟಿದ ಶೈಲಿಗೆ ಜಾಜ್ ಎಂಬ ಹೆಸರು ಅಂಟಿಕೊಂಡಿತು. ಪತ್ರದಲ್ಲಿ ಹೇಳಿರುವ ತರಗತಿ ಈ ಎರಡನೆಯ ಕವಲಿಗೆ ಸೇರಿದ್ದು. ಮೊದಲ ಕವಲು ಸತ್ತುಹೋಯಿತು ಎಂದೇ ಬಹಳ ಕಾಲ ಭಾವಿಸಲಾಗಿತ್ತು. ಆದರೆ 1980ರ ದಶಕದಲ್ಲಿ ಯುವ ನರ್ತಕರು ಮ್ಯಾನಿಂಗ್ ಅವರನ್ನು ಹುಡುಕಿಕೊಂಡು ಬಂದು ಕಲಿಯತೊಡಗಿದರು. 1989ರಲ್ಲಿ 'ಬ್ಲ್ಯಾಕ್ ಅಂಡ್ ಬ್ಲೂ' ಪ್ರದರ್ಶನದ ನೃತ್ಯ ಸಂಯೋಜನೆಗಾಗಿ ಅವರು ಇತರ ಮೂವರೊಂದಿಗೆ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಹಂಚಿಕೊಂಡರು. 2009ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶ ದೇಶ ಸುತ್ತಿ ಪಾಠ ಹೇಳಿದರು.

ಪ್ರಶ್ನೆ: ಆಫ್ರಿಕನ್ ಅಮೆರಿಕನ್ ನೃತ್ಯ ಸಂಯೋಜಕರ ಹೆಸರುಗಳು ಹಳೆಯ ಬ್ರಾಡ್‌ವೇ ಪ್ರದರ್ಶನಗಳ ವಿವರಗಳಲ್ಲಿ ಬಹುತೇಕ ಕಾಣುವುದಿಲ್ಲ. ಅವರು ಇರಲೇ ಇಲ್ಲವೆ?

ಉತ್ತರ: ಇದ್ದರು, ಹೆಸರು ಅಚ್ಚಾಗಲಿಲ್ಲ ಅಷ್ಟೆ. ಬಡ್ಡಿ ಬ್ರ್ಯಾಡ್ಲಿ ಇದಕ್ಕೆ ಸ್ಪಷ್ಟ ನಿದರ್ಶನ. 1920ರ ದಶಕದ ಕೊನೆಯಲ್ಲಿ ಬ್ರಾಡ್‌ವೇಯ ಬಿಳಿಯ ತಾರೆಯರು ನ್ಯೂಯಾರ್ಕಿನ ಅವರ ಸ್ಟುಡಿಯೊಕ್ಕೆ ಬಂದು, ಹಣ ತೆತ್ತು, ಹೆಜ್ಜೆಗಳನ್ನು ಕಲಿತು ಹೋಗಿ ವೇದಿಕೆಯ ಮೇಲೆ ಕುಣಿಯುತ್ತಿದ್ದರು. ಬ್ರ್ಯಾಡ್ಲಿಯವರು ಜಾಜ್ ವಾದಕರ ಏಕವಾದನವನ್ನು ಕಿವಿಗೊಟ್ಟು ಕೇಳಿ, ವಾದಕ ಒತ್ತು ಕೊಟ್ಟ ಕಡೆಯಲ್ಲೇ ಹೆಜ್ಜೆಗೂ ಒತ್ತು ಕೊಟ್ಟು ನೃತ್ಯ ಹೆಣೆಯುತ್ತಿದ್ದರು. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ನೃತ್ಯ ನಿರ್ದೇಶಕರೆಂದು ಬೇರೆಯವರ ಹೆಸರಿರುತ್ತಿತ್ತು. 1930ರಲ್ಲಿ ಲಂಡನ್‌ನಿಂದ ಕರೆ ಬಂದಾಗ ಅವರು ಅಲ್ಲಿಗೆ ಹೋಗಿ, ದಶಕಗಳ ಕಾಲ ಅಲ್ಲೇ ನೆಲೆಸಿದರು.

ತಮ್ಮ ಹೆಸರನ್ನು ಯಾರೂ ಅಳಿಸಲಾಗದಂತೆ ಸ್ವಂತ ತಂಡ ಕಟ್ಟಿ, ಸ್ವಂತ ಶಾಲೆ ತೆರೆದು, ಸ್ವಂತ ಪದ್ಧತಿಯನ್ನೇ ನಿಲ್ಲಿಸಿದವರು ಕ್ಯಾಥರಿನ್ ಡನ್‌ಹ್ಯಾಮ್. ನಮ್ಮ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಅವರಷ್ಟು ದೊಡ್ಡ ವ್ಯಕ್ತಿತ್ವ ಇನ್ನೊಂದಿಲ್ಲ. 1909ರಲ್ಲಿ ಹುಟ್ಟಿ 2006ರವರೆಗೆ ಬದುಕಿದ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದರು. 1935ರಲ್ಲಿ ಸಂಶೋಧನಾ ವೇತನ ಪಡೆದು ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್ ಮತ್ತು ಹೈಟಿಗೆ ತೆರಳಿ, ಅಲ್ಲಿನ ಜನರ ನಡುವೆ ಇದ್ದು ಅವರ ಆಚರಣೆಯ ಕುಣಿತಗಳನ್ನು ಅಭ್ಯಾಸ ಮಾಡಿದರು. ಮಾರ್ಟಿನಿಕ್‌ನ ಕಾಳಗದ ಕುಣಿತವೊಂದನ್ನು ಆಧರಿಸಿದ 'ಲಾಗ್ಯಾ' 1938ರಲ್ಲಿ ರಂಗಕ್ಕೆ ಬಂತು. 1944ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಕರಿಯ ಪ್ರೇಕ್ಷಕರನ್ನು ಬೇರೆಯಾಗಿ ಕೂರಿಸಿದ್ದನ್ನು ಕಂಡ ಅವರು, ಪ್ರದರ್ಶನ ಮುಗಿದೊಡನೆ ವೇದಿಕೆಯಿಂದಲೇ ಮಾತನಾಡಿ, ಎಲ್ಲರೂ ಒಟ್ಟಿಗೆ ಕುಳಿತು ನೋಡುವಂತಾಗುವವರೆಗೆ ಇಲ್ಲಿಗೆ ಮರಳುವುದಿಲ್ಲವೆಂದು ಹೇಳಿ ಹೊರಟರು.

ಅವರನ್ನು ಜಾಜ್ ನೃತ್ಯದ ಪಟ್ಟಿಗೆ ಸೇರಿಸಬಹುದೆ ಎಂದು ಕೆಲವರು ಕೇಳುವುದುಂಟು, ಏಕೆಂದರೆ ಅವರ ಕೃತಿಗಳನ್ನು ಸಾಮಾನ್ಯವಾಗಿ ಆಧುನಿಕ ನೃತ್ಯದ ಕೆಳಗೆ ಇಡಲಾಗುತ್ತದೆ. ಇಂದಿನ ಯಾವುದೇ ಜಾಜ್ ತರಗತಿಯ ಮೊದಲ ಅರ್ಧ ಗಂಟೆಯನ್ನು ನೋಡಿದವರಿಗೆ ಆ ಸಂದೇಹ ಉಳಿಯಲಾರದು. ಅದಕ್ಕೆ ಕಾರಣವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇವೆ.

ಪ್ರಶ್ನೆ: ಜಾಜ್ ನೃತ್ಯದಲ್ಲಿ ಐಸೊಲೇಶನ್ ಎಂದರೇನು? ಅದನ್ನು ಕಂಡುಹಿಡಿದವರು ಯಾರು?

ಉತ್ತರ: ದೇಹದ ಒಂದು ಭಾಗವನ್ನು ಚಲಿಸುತ್ತಾ ಉಳಿದ ಭಾಗಗಳನ್ನು ಅಲುಗದಂತೆ ಹಿಡಿಯುವುದೇ ಐಸೊಲೇಶನ್. ಕಾಲುಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲು ಸಡಿಲಿಸಿ ನಿಂತು, ಎದೆಗೂಡನ್ನು ಮಾತ್ರ ಬಲಕ್ಕೆ, ನಡುವಿಗೆ, ಎಡಕ್ಕೆ ಸರಿಸಲು ಪ್ರಯತ್ನಿಸಿ. ಮೊದಲ ಸಲ ಮಾಡುವವರಲ್ಲಿ ಸೊಂಟವೋ ಭುಜವೋ ಎದೆಯ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ಇದನ್ನು ತಡೆಯಲು ಕಲಿತ ಮೇಲೆ, ಸೊಂಟ ಒಂದು ಲಯದಲ್ಲಿ, ಭುಜ ಇನ್ನೊಂದರಲ್ಲಿ, ಪಾದ ಮೂರನೆಯದರಲ್ಲಿ ಸಾಗುವುದು ಸಾಧ್ಯವಾಗುತ್ತದೆ. ಜಾಜ್ ಬ್ಯಾಂಡಿನಲ್ಲಿ ಹಲವು ವಾದ್ಯಗಳು ಏಕಕಾಲಕ್ಕೆ ಬೇರೆ ಬೇರೆ ಒತ್ತುಗಳನ್ನು ನುಡಿಸುವುದನ್ನು ಒಂದೇ ದೇಹ ತೋರಿಸಬಲ್ಲದು.

ಇದನ್ನು ಯಾರೂ ಕಂಡುಹಿಡಿಯಲಿಲ್ಲ. ಪಶ್ಚಿಮ ಆಫ್ರಿಕಾದ ನೃತ್ಯಗಳಲ್ಲಿ ಅದು ಹಿಂದಿನಿಂದಲೂ ಇದೆ, ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಅಟ್ಲಾಂಟಿಕ್ ದಾಟಿ ಬಂದಿದೆ. ಅದನ್ನು ಕ್ರಮಬದ್ಧ ಪಾಠವಾಗಿಸಿದ ಮೊದಲಿಗರಲ್ಲಿ ಡನ್‌ಹ್ಯಾಮ್ ಮುಖ್ಯರು. 1940ರ ದಶಕದಲ್ಲಿ ನ್ಯೂಯಾರ್ಕಿನ ಅವರ ಶಾಲೆಯಲ್ಲಿ ಬ್ಯಾಲೆಯ ಬಾರ್ ಎಂಬ ಅಡ್ಡಸರಳನ್ನು ಹಿಡಿದು ಮಾಡುವ ಅಭ್ಯಾಸ, ಕೆರಿಬಿಯನ್ ಕುಣಿತದಿಂದ ಬಂದ ಎದೆ ಮತ್ತು ಸೊಂಟದ ಅಲೆಗಳು, ಎದುರಿಗೆ ನಿಜವಾದ ಡ್ರಮ್ ವಾದಕರ ನುಡಿಸಾಣಿಕೆ, ಇವೆಲ್ಲ ಒಂದೇ ಪಾಠದೊಳಗೆ ಇರುತ್ತಿದ್ದವು. ಕೋಲ್ ಅವರು ಭರತನಾಟ್ಯದ ಹಾದಿಯಿಂದ ಇದೇ ಹತೋಟಿಗೆ ಬಂದದ್ದನ್ನು ಮೇಲೆ ಹೇಳಿದ್ದೇವೆ. ಕೋಲ್ ಅವರ ಶಿಷ್ಯ ಮ್ಯಾಟ್ ಮ್ಯಾಟಕ್ಸ್ ಅದನ್ನು ಬ್ಯಾಲೆಯ ಪಾಠದಷ್ಟೇ ಕಟ್ಟುನಿಟ್ಟಿನ ಅಭ್ಯಾಸಮಾಲೆಯಾಗಿ ಜೋಡಿಸಿ, 1970ರ ದಶಕದಲ್ಲಿ ಲಂಡನ್‌ಗೂ ನಂತರ ಫ್ರಾನ್ಸ್‌ಗೂ ಕೊಂಡೊಯ್ದರು. ಯುರೋಪಿನಲ್ಲಿ ಜಾಜ್ ನೃತ್ಯ ಕಲಿಸುವ ಅನೇಕರ ಗುರುಪರಂಪರೆ ಅವರಲ್ಲಿಗೆ ಮುಟ್ಟುತ್ತದೆ.

ಪ್ರಶ್ನೆ: ಬಾಬ್ ಫಾಸಿಯವರ ಟೋಪಿ, ಕೈಗವಸು, ಒಳಕ್ಕೆ ತಿರುಗಿದ ಮೊಣಕಾಲು, ಇವೆಲ್ಲ ಅವರ ದೇಹದ ಕೊರತೆಗಳನ್ನು ಮುಚ್ಚಲು ಹುಟ್ಟಿದವು ಎನ್ನುತ್ತಾರೆ. ನಿಜವೆ?

ಉತ್ತರ: ಅರ್ಧ ನಿಜ. ಚಿಕ್ಕ ವಯಸ್ಸಿಗೇ ಕೂದಲು ಉದುರತೊಡಗಿದ್ದು, ಬ್ಯಾಲೆಗೆ ಬೇಕಾದಂತೆ ಪಾದಗಳು ಹೊರಕ್ಕೆ ತಿರುಗದಿದ್ದುದು, ಭುಜ ಬಾಗಿದ್ದುದು, ಇವನ್ನೆಲ್ಲ ಸ್ವತಃ ಫಾಸಿಯವರೇ ಹೇಳಿಕೊಂಡಿದ್ದರು. ಆದರೆ ಕೂದಲು ಉದುರಿದ ನರ್ತಕರು ಸಾವಿರಾರು ಮಂದಿ ಇದ್ದರು, ಅವರೆಲ್ಲ ಒಂದು ಶೈಲಿಯನ್ನು ಕಟ್ಟಲಿಲ್ಲ. ಹದಿಹರೆಯದಲ್ಲಿ ಷಿಕಾಗೊದಲ್ಲಿ ಬಟ್ಟೆ ಕಳಚುವ ಕುಣಿತಗಳಿರುವ ಬರ್ಲೆಸ್ಕ್ ಕ್ಲಬ್‌ಗಳಲ್ಲಿ ಕುಣಿಯುತ್ತಾ ಕಂಡ ಕಾಮುಕ, ಕೊಂಚ ಅಗ್ಗದ ಲೋಕವೂ, ಫ್ರೆಡ್ ಅಸ್ಟೇರ್ ಅವರ ಟೋಪಿ ಮತ್ತು ಬೆತ್ತದ ನಾಜೂಕೂ, ಕೋಲ್ ಶಿಷ್ಯರಿಂದ ಬಂದ ಅಂಗಹತೋಟಿಯೂ ಸೇರಿದಾಗ ಫಾಸಿ ಶೈಲಿ ಮೂಡಿತು.

ಈ ಕೊನೆಯ ಎಳೆಯನ್ನು ಬೆರಳಿಟ್ಟು ತೋರಿಸಬಹುದು. 1953ರ 'ಕಿಸ್ ಮಿ ಕೇಟ್' ಚಿತ್ರದ ಒಂದು ಹಾಡಿನಲ್ಲಿ ಫಾಸಿ ಒಂದು ನಿಮಿಷಕ್ಕೂ ಕಡಮೆ ಇರುವ ತುಣುಕನ್ನು ತಾವೇ ಸಂಯೋಜಿಸಿ, ಕೋಲ್ ಶಿಷ್ಯೆ ಕ್ಯಾರಲ್ ಹೇನಿಯವರೊಂದಿಗೆ ಕುಣಿದರು. ಮರುವರ್ಷ ಬ್ರಾಡ್‌ವೇಯಲ್ಲಿ ನೃತ್ಯ ಸಂಯೋಜಕರಾಗಿ ಅವರಿಗೆ ಮೊದಲ ಅವಕಾಶ ಸಿಕ್ಕಿತು. 'ದಿ ಪಜಾಮಾ ಗೇಮ್' ನಾಟಕದ 'ಸ್ಟೀಮ್ ಹೀಟ್' ನೃತ್ಯದಲ್ಲಿ ಕಪ್ಪು ಸೂಟು, ಬೌಲರ್ ಎಂಬ ಗುಂಡನೆಯ ಟೋಪಿ ತೊಟ್ಟ ಮೂವರು ನರ್ತಕರಲ್ಲಿ ನಡುವಿನವರು ಅದೇ ಹೇನಿ. ವೇದಿಕೆಯನ್ನೆಲ್ಲ ಆಕ್ರಮಿಸುವ ಜಿಗಿತಗಳು ಅಲ್ಲಿಲ್ಲ. ಮೂವರೂ ಒತ್ತೊತ್ತಾಗಿ ನಿಂತು, ಟೋಪಿಯನ್ನು ತಟ್ಟಿ, ಮಣಿಕಟ್ಟು ತಿರುವಿ, ಒಂದು ಭುಜವನ್ನಷ್ಟೇ ಎತ್ತಿ ಇಳಿಸುತ್ತಾರೆ. ಪ್ರೇಕ್ಷಕನ ಕಣ್ಣು ಎಲ್ಲಿಗೆ ಹೋಗಬೇಕೆಂಬುದನ್ನು ಸಂಯೋಜಕ ಕ್ಯಾಮೆರಾದಂತೆ ನಿರ್ಧರಿಸಿದ್ದಾನೆ. ಅವರು ಮುಂದೆ ಸಿನಿಮಾ ನಿರ್ದೇಶಕರಾದದ್ದು ಆಶ್ಚರ್ಯವಲ್ಲ. 'ಕ್ಯಾಬರೆ' ಚಿತ್ರಕ್ಕೆ ಆಸ್ಕರ್, 'ಪಿಪಿನ್' ನಾಟಕಕ್ಕೆ ಟೋನಿ, ದೂರದರ್ಶನದ ಒಂದು ಕಾರ್ಯಕ್ರಮಕ್ಕೆ ಎಮ್ಮಿ, ಮೂರನ್ನೂ ಅವರು 1973ರ ಒಂದೇ ವರ್ಷದಲ್ಲಿ ಪಡೆದರು.

ಗ್ವೆನ್ ವರ್ಡನ್ ಅವರನ್ನು ಹೆಸರಿಸದೆ ಈ ಉತ್ತರವನ್ನು ಮುಗಿಸುವಂತಿಲ್ಲ. ಅವರು ವರ್ಷಗಟ್ಟಲೆ ಕೋಲ್ ಅವರ ಸಹಾಯಕಿಯಾಗಿದ್ದವರು. ಮರ್ಲಿನ್ ಮನ್ರೋ ಗುಲಾಬಿ ಉಡುಪಿನಲ್ಲಿ ವಜ್ರಗಳ ಕುರಿತು ಹಾಡುವ 1953ರ ಪ್ರಸಿದ್ಧ ದೃಶ್ಯವನ್ನು ಸಂಯೋಜಿಸಿದವರು ಕೋಲ್, ಮನ್ರೋ ಅವರಿಗೆ ತಾಲೀಮು ಮಾಡಿಸಿದವರು ವರ್ಡನ್. 1955ರ 'ಡ್ಯಾಮ್ ಯಾಂಕೀಸ್' ನಾಟಕದಿಂದ ಅವರು ಫಾಸಿಯವರ ಪ್ರಧಾನ ನರ್ತಕಿ, 1960ರಲ್ಲಿ ಪತ್ನಿ, ದಾಂಪತ್ಯ ಸಡಿಲವಾದ ಮೇಲೂ ಅವರ ಕೃತಿಗಳ ಕಾವಲುಗಾತಿ. ಫಾಸಿ ಶೈಲಿ ಎಂದು ನಾವು ಕರೆಯುವುದರಲ್ಲಿ ಆಕೆಯ ದೇಹ ಯೋಚಿಸಿದ್ದು ಎಷ್ಟು ಎಂಬುದನ್ನು ಪ್ರಶಸ್ತಿಪಟ್ಟಿಗಳು ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಶಿಕ್ಷಕರು ಲುಯಿಜಿ ಪದ್ಧತಿ ಎಂದು ಕೆಲವು ವ್ಯಾಯಾಮಗಳನ್ನು ಹೇಳಿಕೊಡುತ್ತಾರೆ. ಈ ಲುಯಿಜಿ ಯಾರು?

ಉತ್ತರ: ಅವರ ನಿಜವಾದ ಹೆಸರು ಯೂಜೀನ್ ಲೂಯಿಸ್ ಫಕ್ಯುಟೊ. ಒಹಾಯೊದಲ್ಲಿ 1925ರಲ್ಲಿ ಹುಟ್ಟಿದ ಅವರು 1946ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿದರು. ಎಚ್ಚರವಾದಾಗ ದೇಹದ ಒಂದು ಪಾರ್ಶ್ವಕ್ಕೂ ಮುಖಕ್ಕೂ ಲಕ್ವ ಹೊಡೆದಿತ್ತು. ಇನ್ನು ನಡೆಯುವುದೇ ಅನುಮಾನವೆಂದು ವೈದ್ಯರು ಹೇಳಿದ್ದರು. ಅವರು ತಮ್ಮ ದೇಹವನ್ನು ತಾವೇ ನಿಧಾನವಾಗಿ ಹಿಗ್ಗಿಸುತ್ತಾ, ಸಮತೋಲನವನ್ನು ಹೊಸದಾಗಿ ಕಲಿಯುತ್ತಾ ಹೋದರು. ಕೆಲವೇ ವರ್ಷಗಳಲ್ಲಿ ಹಾಲಿವುಡ್ ನಟ, ನರ್ತಕ ಜೀನ್ ಕೆಲಿಯವರ 'ಆನ್ ದ ಟೌನ್' ಚಿತ್ರದಲ್ಲಿ ನರ್ತಕರಾದರು. ಲುಯಿಜಿ ಎಂಬ ಅಡ್ಡಹೆಸರಿಟ್ಟವರೂ ಕೆಲಿಯವರೇ. ಚಿತ್ರೀಕರಣದ ಬಿಡುವಿನಲ್ಲಿ ಮೈ ಬಿಗಿಯದಿರಲೆಂದು ಅವರು ಮಾಡುತ್ತಿದ್ದ ಅಭ್ಯಾಸಗಳನ್ನು ಸುತ್ತಲಿನ ನರ್ತಕರು ಅನುಕರಿಸತೊಡಗಿದರು, ಅದೇ ಪದ್ಧತಿಯಾಯಿತು. ಗಾಳಿಯಲ್ಲಿ ಒಂದು ಅದೃಶ್ಯ ಬಾರ್ ಇದೆಯೆಂದು ಭಾವಿಸಿ, ಅದನ್ನು ಕೈಗಳಿಂದ ಕೆಳಕ್ಕೆ ಒತ್ತುತ್ತಾ ಬೆನ್ನನ್ನು ಮೇಲಕ್ಕೆ ಎತ್ತುವ ಅಭ್ಯಾಸ ಅದರ ತಿರುಳು. ನಿಮ್ಮ ಶಿಕ್ಷಕರು ಅದನ್ನು ಹೇಳಿಕೊಡದೆ ಇದ್ದಿರಲಾರರು.

ಇದೇ ಸಾಲಿಗೆ ಸೇರುವ ಇನ್ನೊಬ್ಬರು ಗಸ್ ಜೋರ್ಡಾನೊ. ಷಿಕಾಗೊ ಬಳಿಯ ಇವಾನ್ಸ್‌ಟನ್‌ನಲ್ಲಿ ಶಾಲೆ ನಡೆಸಿದ ಅವರು, ಜಾಜ್ ನೃತ್ಯಕ್ಕೆ ನಾಟಕ ಅಥವಾ ಸಿನಿಮಾದ ಆಸರೆ ಬೇಕಿಲ್ಲವೆಂದು ವಾದಿಸಿ, ಅದನ್ನೇ ಪ್ರದರ್ಶಿಸುವ ತಂಡವನ್ನು 1960ರ ದಶಕದಲ್ಲಿ ಕಟ್ಟಿದರು. ಅವರ ತಂಡ ಇಂದಿಗೂ ನಡೆಯುತ್ತಿದೆ.

ಪ್ರಶ್ನೆ: ಇವರ ನೃತ್ಯವನ್ನು ನೋಡಿ ತಿಳಿಯಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸಲಿ?

ಉತ್ತರ: 1943ರ 'ಸ್ಟಾರ್ಮಿ ವೆದರ್' ಚಿತ್ರದಿಂದ ಆರಂಭಿಸಿ. ಕಥೆ ಸಾಧಾರಣ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಚಿತ್ರದಲ್ಲಿ ಬೂಟಿನ ಸದ್ದಿನಲ್ಲೇ ತಾಳ ಹಾಕುವ ಟ್ಯಾಪ್ ನೃತ್ಯದ ಹಿರಿಯ ಬಿಲ್ ರಾಬಿನ್ಸನ್, ಡನ್‌ಹ್ಯಾಮ್ ಮತ್ತು ಅವರ ತಂಡ, ಫೆಯಾರ್ಡ್ ಹಾಗೂ ಹೆರಾಲ್ಡ್ ನಿಕೊಲಸ್ ಸೋದರರು ಸಿಗುತ್ತಾರೆ. ಸೋದರರಿಬ್ಬರು ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರನ್ನೊಬ್ಬರು ಹಾರಿ ದಾಟಿ, ಪ್ರತಿ ಮೆಟ್ಟಿಲಿನಲ್ಲೂ ಕಾಲುಗಳನ್ನು ಪೂರ್ತಿ ಚಾಚಿ ಇಳಿದು, ಕೈ ಊರದೆ ಎದ್ದು ನಿಲ್ಲುವ ದೃಶ್ಯವನ್ನು ಎರಡು ಸಲವಾದರೂ ನೋಡಬೇಕು. ಮೊದಲ ಸಲ ಬೆರಗು ಕಣ್ಣು ಕಟ್ಟಿಬಿಡುವುದರಿಂದ ಲಯ ಕಿವಿಗೆ ಬೀಳುವುದಿಲ್ಲ.

ಬಳಿಕ 1941ರ 'ಹೆಲ್ಸಾಪಾಪಿನ್' ಚಿತ್ರದ ಲಿಂಡಿ ಹಾಪ್ ತುಣುಕನ್ನು ನೋಡಿ. ಸಂಯೋಜನೆ ಮ್ಯಾನಿಂಗ್ ಅವರದು, ನರ್ತಕರಲ್ಲಿ ಅವರೂ ನಾರ್ಮಾ ಮಿಲ್ಲರ್ ಅವರೂ ಇದ್ದಾರೆ. ನರ್ತಕರೆಲ್ಲ ಅಡುಗೆಯವರು, ಸೇವಕಿಯರು ಮುಂತಾದವರ ಉಡುಪಿನಲ್ಲಿರುವುದನ್ನೂ, ಚಿತ್ರದ ಕಥೆಗೂ ಆ ನೃತ್ಯಕ್ಕೂ ಸಂಬಂಧವೇ ಇಲ್ಲದಿರುವುದನ್ನೂ ಗಮನಿಸಿ. ಆ ಕಾಲದ ಹಾಲಿವುಡ್‌ನಲ್ಲಿ ಕರಿಯ ಕಲಾವಿದರ ದೃಶ್ಯಗಳನ್ನು ಕಥೆಯಿಂದ ಬೇರ್ಪಡಿಸಿ ಇಡುವ ರೂಢಿಯಿತ್ತು, ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳಿಗೆ ಅವನ್ನು ಕತ್ತರಿಸಿ ಕಳುಹಿಸುವುದು ಹೀಗೆ ಸುಲಭವಾಗುತ್ತಿತ್ತು.

ಕೋಲ್ ಅವರಿಗಾಗಿ ಮೇಲೆ ಹೇಳಿದ ಮನ್ರೋ ಅವರ ದೃಶ್ಯ ಸಾಕು. ಫಾಸಿಯವರಿಗಾಗಿ 'ಕಿಸ್ ಮಿ ಕೇಟ್' ತುಣುಕನ್ನೂ, 1957ರಲ್ಲಿ ಚಿತ್ರವಾಗಿ ಬಂದ 'ದಿ ಪಜಾಮಾ ಗೇಮ್'ನ 'ಸ್ಟೀಮ್ ಹೀಟ್' ನೃತ್ಯವನ್ನೂ ಒಟ್ಟಿಗೆ ನೋಡಿ, ಎರಡರಲ್ಲೂ ಹೇನಿಯವರ ಮೇಲೆ ಕಣ್ಣಿಡಿ. 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಈ ಪಟ್ಟಿಯಲ್ಲಿ ಕೆಳಗೆ ಇಟ್ಟಿದ್ದೇವೆ. ಜೆರೋಮ್ ರಾಬಿನ್ಸ್ ಅದ್ಭುತ ಸಂಯೋಜಕರೇ, ಆದರೆ ಅಲ್ಲಿನ ಜಾಜ್ ಬ್ಯಾಲೆಯ ಅಸ್ಥಿಪಂಜರದ ಮೇಲೆ ಹೊದಿಸಿದ ಜಾಜ್. 1957ರ ಮೂಲ ನಾಟಕದಲ್ಲಿ ಪೀಟರ್ ಜೆನಾರೊ ಸಹ ಸಂಯೋಜಕರಾಗಿದ್ದರು, 'ಅಮೆರಿಕಾ' ಹಾಡಿನ ನೃತ್ಯದಲ್ಲಿ ಅವರ ಪಾಲು ದೊಡ್ಡದು. 'ಸ್ಟೀಮ್ ಹೀಟ್' ಮೊದಲು ರಂಗಕ್ಕೆ ಬಂದಾಗ ಹೇನಿಯವರ ಪಕ್ಕದಲ್ಲಿ ಟೋಪಿ ಹಿಡಿದು ಕುಣಿದವರಲ್ಲಿ ಒಬ್ಬರು ಇದೇ ಜೆನಾರೊ.